ಕಲ್ಲು ಹೊಡೆದವನ ನಾಯಿ

"ಒಗೀಬೇಡಿ ಅಂದ್ರೆ ಒಗೀಬೇಡಿ ಅಂತಲೇ ಅರ್ಥ ಕಣಮ್ಮಾ! ಸ್ವಲ್ಪ ಒಗೀರಿ ಅಂತಲ್ಲ, ನೆನೆಸಿ ಹಿಂಡಿ ಅಂತಲೂ ಅಲ್ಲ!"

ಪಾರ್ಸಲಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಹೀಗೆ ಕೂಗುತ್ತಿದ್ದರೆ ಬೀದಿಯಲ್ಲಿ ಯಾರೂ ಕಿಟಕಿ ತೆರೆದು ನೋಡುವುದಿಲ್ಲ. ಎಲ್ಲರಿಗೂ ಅಭ್ಯಾಸವಾಗಿಹೋಗಿದೆ. ಆ ಕಡೆಯಿಂದ ಯಾವನೋ ಸೈನಿಕನ ತಾಯಿ, "ಅಲ್ಲಾ, ಅಷ್ಟು ಕೊಳೆ ಅಂಗಿ ಹೇಗೆ ಕೊಟ್ಟು ಕಳಿಸೋದು? ನೋಡಿದೋರು ಏನಂದ್ಕೋತಾರೆ ಅಂತ ಒಂದೇ ಒಂದು ಸಲ ಸೋಪು ಹಾಕಿದೆ" ಎಂದು ರಾಗ ಎಳೆಯುತ್ತಿದ್ದಳು.

"ಯಾರಮ್ಮಾ ನೋಡೋದು? ನೋಡೋದು ನಾಯಿ! ನಾಯಿಗೆ ಇಸ್ತ್ರಿ ಮಾಡಿದ ಅಂಗಿ ಬೇಕಾ?"

ಫೋನ್ ಕುಕ್ಕಿ ಕುರ್ಚಿಯಲ್ಲಿ ಕೂತು ಉಸ್ಸೆಂದಳು. ಅಂಗಳದಲ್ಲಿ ಪ್ಲೈವುಡ್ಡಿಗೆ ಮೊಳೆ ಹೊಡೆಯುತ್ತಿದ್ದ ಗಂಡ ತಲೆ ಎತ್ತದೆಯೇ, "ಮತ್ತೆ ಒಗೆದುಬಿಟ್ರಾ?" ಎಂದ.

"ಒಗೆದಿದ್ದಲ್ಲದೆ ಗುಂಡಿ ಬೇರೆ ಹೊಲಿದಿದಾಳಂತೆ ಮಹಾತಾಯಿ!"

ಅವಳ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿದೆ. ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ತೂಕ ಮಾಡುವುದು, ಹಗ್ಗ ಬಿಗಿಯುವುದು, ಚೀಟಿ ಅಂಟಿಸುವುದು, ಇಷ್ಟರಲ್ಲೇ ಅವಳ ಪ್ರಾಯವೆಲ್ಲ ಕಳೆದಿತ್ತು. ಸೈಕಲ್ಲು, ಹೊಲಿಗೆ ಯಂತ್ರ, ಕೋಳಿ ಗೂಡು, ಒಮ್ಮೆ ಯಾರದೋ ಅಮೃತಶಿಲೆಯ ತಲೆ, ಎಲ್ಲವೂ ಅವಳ ಕೈದಾಟಿ ಹೋಗಿದ್ದವು. ನಿವೃತ್ತಿಯಾದಾಗ, ಇನ್ನು ಕಾಲು ಚಾಚಿ ಕೂರುತ್ತೇನೆ ಎಂದು ಊರಿಗೆಲ್ಲ ಸಾರಿದ್ದಳು. ಕೂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಯುದ್ಧ ನಡೆಯುತ್ತಿದ್ದ ಗುಡ್ಡಗಾಡಿನಿಂದ ಅವಳ ಅಣ್ಣನ ಮಗ ಫೋನ್ ಮಾಡಿ, "ಅತ್ತೆ, ಇಲ್ಲೊಂದು ಬೆಕ್ಕಿದೆ. ನನ್ನ ಸರದಿ ಮುಗೀತಾ ಬಂತು. ಸೈನ್ಯದ ಲಾರೀಲಿ ಪ್ರಾಣಿ ಹತ್ತಿಸೋ ಹಾಗಿಲ್ಲ. ನೀನು ಎಷ್ಟೋ ಸಾಮಾನು ಸಾಗಿಸಿದೀಯ, ಇದನ್ನೊಂದು ತರಿಸ್ಕೊಡೇ" ಎಂದು ಗೋಗರೆದ.

"ನಾನೇನು ಮೃಗಾಲಯ ಇಟ್ಕೊಂಡಿದೀನಾ?" ಎಂದು ಬೈದು ಫೋನ್ ಇಟ್ಟಳು. ಬೈದಾದ ಮೇಲೆ ತರಿಸಿಯೂ ಕೊಟ್ಟಳು. ತಪ್ಪಾದದ್ದು ಅಲ್ಲೇ. ಅವನ ಜೊತೆಯವರಿಗೆಲ್ಲ ಸುದ್ದಿ ಹಬ್ಬಿತು. ಒಬ್ಬನಿಗೆ ನಾಯಿ, ಇನ್ನೊಬ್ಬನಿಗೆ ಮರಿ ಹಾಕಿದ ನಾಯಿ, ಮತ್ತೊಬ್ಬ ಪುಣ್ಯಾತ್ಮನಿಗೆ ಕುಂಟು ಕತ್ತೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಾಳೆ. ಹಿತ್ತಿಲಿನ ಶೆಡ್ಡು ಮಾತ್ರ ಖಾಲಿ ಬಿದ್ದದ್ದಿಲ್ಲ.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಗಂಡ ಮಾಡಿದ ಪೆಟ್ಟಿಗೆ ಸಾಮಾನು ಸಾಗಿಸುವ ಲಾರಿಯಲ್ಲಿ ಗುಡ್ಡದ ಮೇಲಿನ ಸೈನ್ಯದ ಠಾಣೆಗೆ ಹೋಗಬೇಕು. ಪೆಟ್ಟಿಗೆಯೊಳಗೆ ಆ ಸೈನಿಕ ತೊಟ್ಟು ಬಿಟ್ಟ, ಒಗೆಯದ ಬಟ್ಟೆ ಇರಬೇಕು. ನಾಯಿ ಮೂಸುತ್ತದೆ, ತನ್ನವನ ವಾಸನೆ ಸಿಕ್ಕಿ ತಾನಾಗಿಯೇ ಒಳಗೆ ಹೋಗಿ ಮಲಗುತ್ತದೆ, ಬಾಗಿಲು ಹಾಕಿದರೆ ಆಯಿತು. ಬಲವಂತವಾಗಿ ತುಂಬಿದ ನಾಯಿ ದಾರಿಯುದ್ದಕ್ಕೂ ಹಲಗೆ ಕಚ್ಚಿ ಬಾಯೆಲ್ಲ ರಕ್ತ ಮಾಡಿಕೊಳ್ಳುತ್ತದೆ. ಒಂದು ಸಲ ಅದನ್ನು ಕಂಡವಳು ಮತ್ತೆ ಆ ದಾರಿಗೆ ಹೋಗಲಿಲ್ಲ. ಇಷ್ಟು ಸುಲಭದ ಕ್ರಮಕ್ಕೆ ಲೋಕದ ತಾಯಂದಿರೆಲ್ಲ ಸೋಪು ಹಿಡಿದು ಅಡ್ಡ ನಿಂತರೆ ಅವಳ ತಲೆ ಕೆಡದೆ ಇನ್ನೇನಾಗುತ್ತದೆ?

ಇಂಥದರಲ್ಲಿ ಬಂದವನು ವೈರ್‌ಲೆಸ್ಸಿನವನು.

ಠಾಣೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವನು. ಸೇವೆ ಮುಗಿಸಿ ಮನೆಗೆ ಬಂದು ಮೋಟಾರು ರಿಪೇರಿ ಅಂಗಡಿಯಲ್ಲಿ ಕೂತಿದ್ದ. ಅವನ ನಾಯಿಯ ಹೆಸರು ಡಬ್ಬಿ. ಮರಿಯಾಗಿದ್ದಾಗ ಖಾಲಿ ಡಬ್ಬಿಯೊಳಗೆ ತಲೆ ಸಿಕ್ಕಿಸಿಕೊಂಡು ಠಾಣೆಗೆ ಬಂದಿತ್ತಂತೆ, ಡಬ್ಬಿ ಕತ್ತರಿಸಿ ತಲೆ ಬಿಡಿಸಿದವನು ಇವನೇ. ಮೊದಲ ದಿನ ಬಂದು, "ಆ ಠಾಣೆ ಮುಚ್ತಾರಂತಮ್ಮ. ಎಲ್ರೂ ಇಳಿದು ಬಂದ್ರೆ ಅವಳಿಗೆ ಅನ್ನ ಹಾಕೋರು ಯಾರೂ ಇರಲ್ಲ. ಹೇಗಾದ್ರೂ ಮಾಡಿ ತರಿಸಿ" ಎಂದು ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು. ಪಾರ್ಸಲಮ್ಮ ಕರಗಿಹೋದಳು.

"ಆಯ್ತಪ್ಪ. ನಾಳೆ ಒಂದು ಬಟ್ಟೆ ತಂದ್ಕೊಡು. ಒಗೀದಿರೋದು."

"ಬಟ್ಟೆ ಇಲ್ದೆ ಆಗಲ್ವಾ?"

"ಆಗಲ್ಲ."

ಅಷ್ಟೇ. ಆಮೇಲೆ ಆಸಾಮಿ ಪತ್ತೆಯಿಲ್ಲ. ಅವಳು ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ, "ಹುಡುಕ್ತಾ ಇದೀನಿ," "ಎಲ್ಲಾ ಒಗೆದುಬಿಟ್ಟಿದಾರೆ," "ಠಾಣೆ ಅಡುಗೆಯವನ ಬಟ್ಟೆ ಇಟ್ರೆ ನಡೆಯಲ್ವಾ?" ಇಂಥವೇ ನೆಪ. "ವೈರ್‌ಲೆಸ್ಸಿನವನಂತೆ ವೈರ್‌ಲೆಸ್ಸಿನವನು! ಇವನ ಕೈಗೆ ಸುದ್ದಿ ಕೊಟ್ಟು ಅದು ಹೇಗೆ ಯುದ್ಧ ಮಾಡಿದ್ರೋ!" ಎಂದು ಗಂಡನ ಮುಂದೆ ಹಲ್ಲು ಕಡಿದಳು. ಠಾಣೆ ಮುಚ್ಚುವ ಮುಂಚಿನ ಕೊನೆಯ ಲಾರಿ ಹೊರಡುವುದರಲ್ಲಿತ್ತು. ನಾಯಿ ಬೇಕು, ಅಂಗಿ ಕೊಡಲಾರೆ ಎಂದರೆ ಇದೆಂಥ ಪ್ರೀತಿ?

ಗೋರ್ಕಲ್ಲ ಮೇಲೆ ಎಷ್ಟು ಮಳೆ ಸುರಿದರೇನು ಎಂದು ಅವನನ್ನು ಬಿಟ್ಟು, ಅವನು ಅಂಗಡಿಗೆ ಹೋಗಿದ್ದ ಹೊತ್ತು ನೋಡಿ ಸೀದಾ ಅವನ ಮನೆಗೇ ಹೋದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ತಾಯಿ ಬಾಗಿಲು ತೆರೆದಳು. ಸಣ್ಣ ಹೆಂಗಸು, ಒದ್ದೆ ಕೈ. ವಿಷಯ ಕೇಳುತ್ತಲೇ ಮಗನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲ ಹಿಂದಿನ ಮೊಳೆ ತೋರಿಸಿದಳು. ಮಣ್ಣು ಮೆತ್ತಿದ ಜಾಕೆಟ್ಟು ನೇತಾಡುತ್ತಿತ್ತು.

"ಬಂದ ದಿನ ಹಾಕಿದ್ದು. ಒಗೆಯೋಕೂ ಬಿಡಲ್ಲ, ತಾನೂ ಹಾಕ್ಕೊಳ್ಳಲ್ಲ. ಮುಟ್ಟಿದ್ರೆ ರೇಗ್ತಾನೆ. ಮನೆಯೆಲ್ಲಾ ನಾಯಿ ವಾಸನೆ. ತಗೊಂಡ್ಹೋಗಿ ಪುಣ್ಯ ಕಟ್ಕೊಳ್ಳಿ."

ಪಾರ್ಸಲಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಒಗೆಯದ ಬಟ್ಟೆಯನ್ನು ತಾಯಿಯೊಬ್ಬಳು ತಾನಾಗಿ ಕೊಟ್ಟದ್ದು ಅವಳ ಅನುಭವದಲ್ಲೇ ಮೊದಲು. ಜಾಕೆಟ್ಟನ್ನು ಮಡಚದೆ ಚೀಲಕ್ಕೆ ತುರುಕಿಕೊಂಡು ಬಂದು, ಪೆಟ್ಟಿಗೆಯ ತಳದಲ್ಲಿ ಹಾಸಿ, ಲಾರಿ ಹತ್ತಿಸಿ, "ಈ ಸಲ ನೋಡ್ರೀ, ನಾಯಿ ಓಡ್ಬಂದು ಒಳಗೆ ಹಾರತ್ತೆ" ಎಂದು ಗಂಡನಿಗೆ ಹೇಳಿದಳು. ಜಾಕೆಟ್ಟು ತಂದದ್ದು ಆ ಹುಡುಗನಿಗೆ ಗೊತ್ತೇ ಎಂದು ಅವನು ಕೇಳಿದ. "ಅವನಿಗೇನು ಗೊತ್ತಾಗ್ಬೇಕು? ನಾಯಿ ಬಂದ ಮೇಲೆ ತಾನೇ ಗೊತ್ತಾಗುತ್ತೆ" ಎಂದಳು.

ಲಾರಿಯ ಡ್ರೈವರಿಗೆ ಜಗತ್ತಿನಲ್ಲಿ ಒಂದೇ ಭಯ, ಅದು ನಾಯಿ. ಆದರೂ ಪಾರ್ಸಲಮ್ಮನ ಬಾಯಿಗೆ ಹೆದರಿ ಪೆಟ್ಟಿಗೆ ಒಯ್ಯುತ್ತಿದ್ದ. ಠಾಣೆ ಮುಟ್ಟಿ ಫೋನ್ ಮಾಡಿದಾಗ ಅವನ ದನಿ ನಡುಗುತ್ತಿತ್ತು.

"ಅಮ್ಮಾ, ನಿಮ್ಮ ನಾಯಿ ಪೆಟ್ಟಿಗೆ ತನಕ ಚೆನ್ನಾಗೇ ಬಂತು. ಬಾಲ ಆಡಿಸ್ತಾ ಒಳಗೆ ಮೂಗಿಟ್ಟಿತು. ಆಮೇಲೆ ಏನಾಯ್ತೋ, ಬೆಂಕಿ ಮುಟ್ಟಿದ ಹಾಗೆ ಕಿರುಚಿ, ಬಾಲ ಹೊಟ್ಟೆಗೆ ಅಂಟಿಸ್ಕೊಂಡು ಓಡಿ, ತಂತಿಬೇಲಿ ಕೆಳಗೆ ನುಸುಳಿ ಆಚೆ ಹೋಗಿ ಕೂತಿದೆ. ಬೇಲಿ ಆಚೆ ಏನಿದೆ ಗೊತ್ತಾ? ನೆಲಬಾಂಬು! ಯಾರೂ ಅಲ್ಲಿಗೆ ಕಾಲಿಡೋ ಹಾಗಿಲ್ಲ. ನಾಳೆ ಬೆಳಿಗ್ಗೆ ಎಲ್ರೂ ಇಳೀತಾರೆ, ನಾನೂ ಇಳೀತೀನಿ. ಏನ್ಮಾಡ್ಲಿ ಹೇಳಿ."

ಪಾರ್ಸಲಮ್ಮ ಫೋನ್ ಕುಕ್ಕಿ ಎದ್ದಳು. ಚಪ್ಪಲಿ ಮೆಟ್ಟಿದವಳೇ ಮೋಟಾರು ಅಂಗಡಿಗೆ ಧಾವಿಸಿದಳು. ವಾರ್ನಿಷ್ ವಾಸನೆಯ ಕಿಷ್ಕಿಂಧೆ ಅದು. ಬಿಚ್ಚಿದ ಫ್ಯಾನು, ಪಂಪು, ತಾಮ್ರದ ತಂತಿಯ ಸುರುಳಿಗಳ ನಡುವೆ ಅವನು ತಲೆ ಬಗ್ಗಿಸಿ ತಂತಿ ಸುತ್ತುತ್ತಿದ್ದ.

"ನಿನ್ನ ನಾಯಿಗೆ ಹುಚ್ಚಾ ನಿನಗೆ ಹುಚ್ಚಾ?" ಎಂದು ಬಾಗಿಲಲ್ಲೇ ಶುರು ಮಾಡಿದಳು. "ಪೆಟ್ಟಿಗೆ ಮೂಸಿದ್ದೇ ತಡ, ಬಾಂಬಿನ ಮೇಲೆ ಹೋಗಿ ಕೂತಿದೆಯಂತೆ!"

ಅವನು ಸುರುಳಿ ಕೈಬಿಟ್ಟ. "ಒಳಗೆ ಏನಿಟ್ಟಿದ್ರಿ?"

"ಇನ್ನೇನಿಡ್ತಾರೆ? ನಿನ್ನ ಜಾಕೆಟ್ಟು. ನಿಮ್ಮಮ್ಮನ ಹತ್ರ ಇಸ್ಕೊಂಡೆ."

ಅವನ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. "ತೆಗೆಸಿ," ಎಂದ. "ಮೊದ್ಲು ಅದನ್ನ ತೆಗೆಸಿ ದೂರ ಎಸೆಯೋಕೆ ಹೇಳಿ. ಅಯ್ಯೋ, ನಿಮಗ್ಯಾರು ಹೇಳಿದ್ರು ಅದನ್ನ ಇಡೋಕೆ?"

"ನೀನು ಕೊಡ್ಲಿಲ್ಲ, ಅದಕ್ಕೆ ಇಟ್ಟೆ! ನಾಯಿ ಯಾಕೆ ಹೆದರ್ತು ಅದನ್ನ ಹೇಳು."

ಅವನು ಹೇಳಿದ. ಹೇಳುವಾಗ ಅವಳನ್ನು ನೋಡಲಿಲ್ಲ, ತಾಮ್ರದ ತಂತಿಯನ್ನೇ ನೋಡುತ್ತಿದ್ದ.

"ಠಾಣೆಯಿಂದ ಇಳಿಯೋ ದಾರೀಲಿ ಲಾರಿ ಚಕ್ರದ ಜಾಡು ಬಿಟ್ಟು ಎಲ್ಲಾ ಕಡೆ ಬಾಂಬು. ನಾವು ಹೊರಟ್ರೆ ನಾಯಿಗಳು ಹಿಂದೆ ಓಡಿ ಬರ್ತವೆ. ಮುಂಚೆ ಒಂದು ಹಾಗೇ ಬಂದು ಜಾಡು ಬಿಟ್ಟು ಪಕ್ಕಕ್ಕೆ ಹೋಯ್ತು. ಎಲ್ರ ಕಣ್ಣೆದುರಿಗೇ ಹೋಯ್ತು. ಅವತ್ತಿಂದ ನಮ್ಮಲ್ಲೊಂದು ಪದ್ಧತಿ. ಹೊರಡೋಕೆ ಮುಂಚೆ ಕಲ್ಲು ಹೊಡೆದು ಓಡಿಸ್ಬೇಕು. ಯಾರೋ ಹೊಡೆದ್ರೆ ಆಗಲ್ಲ, ಅವು ಆಟ ಅಂದ್ಕೊಳ್ತವೆ. ಯಾರನ್ನ ಹೆಚ್ಚು ಹಚ್ಕೊಂಡಿರ್ತವೋ ಅವನೇ ಹೊಡೀಬೇಕು. ಗುರಿಯಿಟ್ಟು, ನೋವಾಗೋ ಹಾಗೆ. ಆವಾಗಲೇ ನಂಬೋದು."

ಪಾರ್ಸಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮೊದಲನೇ ಕಲ್ಲನ್ನ ಬಾಯಲ್ಲಿ ಕಚ್ಕೊಂಡು ಬಂದು ನನ್ನ ಬೂಟಿನ ಹತ್ರ ಇಟ್ಟಳು. ಬಾಲ ಆಡಿಸ್ತಾ ನಿಂತಳು. ನಾನು ಬಗ್ಗಿ ಅದೇ ಕಲ್ಲೆತ್ತಿ ಮತ್ತೆ ಹೊಡೆದೆ. ಪಕ್ಕೆಗೆ ಬಿತ್ತು. ಆವಾಗ ಅವಳು ನೋಡಿದ್ದು ನೋಡ್ಬೇಕಿತ್ತು ನೀವು. ಬೇಡ, ನೀವು ನೋಡೋದು ಬೇಡ. ಅವತ್ತು ಆ ಜಾಕೆಟ್ಟೇ ಹಾಕಿದ್ದೆ."

ಪಾರ್ಸಲಮ್ಮನಿಗೆ ಎಲ್ಲಿತ್ತೋ ಸಿಟ್ಟು, ಮತ್ತೆ ನುಗ್ಗಿ ಬಂತು.

"ಇದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನು ದೊಡ್ಡ ರೋಗ ಬಂದಿತ್ತೋ ನಿನಗೆ?"

"ಏನಂತ ಹೇಳ್ಲಿ? ಕಲ್ಲು ಹೊಡೆದ ನಾಯಿನ ತಂದ್ಕೊಡಿ ಅಂತ್ಲಾ?"

ಅವಳು ಫೋನ್ ತೆಗೆದು ಡ್ರೈವರಿಗೆ ಹಚ್ಚಿ ಎದುರಿಗಿದ್ದವನ ಕೈಗೇ ಕೊಟ್ಟಳು. ಮೊದಲ ಸಲ ವೈರ್‌ಲೆಸ್ಸಿನವನು ವೈರ್‌ಲೆಸ್ಸಿನವನ ಹಾಗೆ ಮಾತಾಡಿದ, ಒಂದೊಂದೇ ಮಾತು, ಸ್ಪಷ್ಟವಾಗಿ. ಜಾಕೆಟ್ಟು ತೆಗೆದು ಸುಟ್ಟುಬಿಡಿ. ಪೆಟ್ಟಿಗೆ ತೊಳೆಯಿರಿ. ಅಡುಗೆಮನೆ ಒಲೆಯ ಪಕ್ಕ ಒಂದು ಗೋಣಿಚೀಲ ಇದೆ, ಅವಳು ಮಲಗುತ್ತಿದ್ದದ್ದು ಅದರ ಮೇಲೆ, ಅದನ್ನು ಹಾಸಿ. ಪೆಟ್ಟಿಗೆ ಬೇಲಿಯ ಹತ್ತಿರ ಇಟ್ಟು ಎಲ್ಲರೂ ಒಳಗೆ ಹೋಗಿ. ಯಾರೂ ಕರೆಯಬೇಡಿ. ಮುಖ್ಯವಾಗಿ, ಯಾರೂ ಅವಳೆದುರಿಗೆ ನೆಲಕ್ಕೆ ಬಗ್ಗಬೇಡಿ.

"ಹೆಸರು ಹಿಡಿದು ಕೂಗ್ಲಾ?" ಎಂದು ಡ್ರೈವರ್ ಕೇಳಿದ್ದು ಅವಳಿಗೂ ಕೇಳಿಸಿತು.

"ಬೇಡ. ಹೆಸರಿಟ್ಟಿದ್ದೂ ನಾನೇ."

ಮಾರನೆಯ ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡುವ ಮುಂಚೆ ಡ್ರೈವರ್ ಇಣುಕಿ ನೋಡಿದರೆ ಡಬ್ಬಿ ಪೆಟ್ಟಿಗೆಯೊಳಗೆ ಗೋಣಿಯ ಮೇಲೆ ಸುರುಳಿ ಸುತ್ತಿ ಮಲಗಿತ್ತು. ಅವನು ಹೆದರಿಕೆಯಿಂದ ಕಾಲಿನಲ್ಲೇ ಬಾಗಿಲು ತಳ್ಳಿ ಚಿಲಕ ಹಾಕಿದನಂತೆ. "ನಿಂತ್ಕೊಂಡೇ ಹಾಕ್ದೆ, ಬಗ್ಗಲಿಲ್ಲ" ಎಂದು ಎರಡೆರಡು ಸಲ ಹೇಳಿದ.

ಡಬ್ಬಿ ಬಂತು. ಮಣ್ಣಿನ ಬಣ್ಣದ, ಒಂದು ಕಿವಿ ಮಡಚಿದ, ಸಾಧು ಪ್ರಾಣಿ. ಪಾರ್ಸಲಮ್ಮನಿಗೆ ಎರಡೇ ದಿನದಲ್ಲಿ ಹೊಂದಿಕೊಂಡಿತು, ಗಂಡನ ಮೊಳೆ ಡಬ್ಬದ ಪಕ್ಕದಲ್ಲೇ ಮಲಗಿತು. ಬರಬೇಕಾದವನು ಮಾತ್ರ ಬರಲಿಲ್ಲ! ಫೋನ್ ಮಾಡಿದರೆ, "ನಾನು ಬರಲ್ಲಮ್ಮ, ಯಾರಾದ್ರೂ ಒಳ್ಳೆಯವ್ರಿಗೆ ಕೊಟ್ಟುಬಿಡಿ. ಬದುಕಿದ್ಯಲ್ಲ, ಸಾಕು" ಎಂದ. ಶೆಡ್ಡಿನ ಪ್ರಾಣಿಗಳನ್ನು ನೋಡುತ್ತಿದ್ದ ಪಶುವೈದ್ಯರಿಗೆ ಗೊತ್ತಿದ್ದ ಒಂದು ಮನೆಯವರು ಕೇಳುತ್ತಲೂ ಇದ್ದರು. ಕೊಟ್ಟುಬಿಟ್ಟಿದ್ದರೆ ಪಾರ್ಸಲಮ್ಮನ ತಲೆನೋವು ಅವತ್ತೇ ಕಳೆಯುತ್ತಿತ್ತು. ಆದರೆ ಬಾಗಿಲ ಹಿಂದೆ ಅವನು ಒಗೆಯಲೂ ಬಿಡದೆ ನೇತುಹಾಕಿದ್ದ ಜಾಕೆಟ್ಟನ್ನು ತಾನೇ ಕಣ್ಣಾರೆ ಕಂಡಿದ್ದಳಲ್ಲ, ಕೊಡಲು ಮನಸ್ಸು ಬರಲಿಲ್ಲ. ಮತ್ತೆ ಅಂಗಡಿಗೆ ಹೋಗಿ ಮಾಲೀಕನ ಎದುರಿಗೇ ಅವನ ಮಾನ ಕಳೆದು ಕರೆದುಕೊಂಡು ಬಂದಳು.

ಗೇಟಿನಲ್ಲಿ ಅವನನ್ನು ಕಂಡದ್ದೇ ಡಬ್ಬಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ಹೊಟ್ಟೆ ನೆಲಕ್ಕೆ ಉಜ್ಜುತ್ತಾ ನೀರಿನ ತೊಟ್ಟಿಯ ಹಿಂದೆ ಸೇರಿಕೊಂಡಿತು.

"ನೋಡಿದ್ರಾ?" ಎಂದು ಅವನು ಹೊರಟ.

"ಎಲ್ಲಿಗೆ? ಕೂತ್ಕೋ!" ಪಾರ್ಸಲಮ್ಮ ಕುರ್ಚಿ ಎಳೆದು ಹಾಕಿದಳು. "ಕಲ್ಲು ಹೊಡೆದಿದ್ದು ಅದು ಬದುಕಲಿ ಅಂತ. ಅದು ನಿನಗೆ ಗೊತ್ತು, ಈಗ ನನಗೂ ಗೊತ್ತು. ಗೊತ್ತಿಲ್ಲದೇ ಇರೋದು ಅದೊಂದಕ್ಕೆ. ನಾನು ಹೇಳಿದ್ರೆ ಅದು ಕೇಳುತ್ತಾ? ನೀನೇ ದಿನಾ ಬಂದು ಕೂತು ಹೇಳ್ಬೇಕು."

"ಏನಂತ ಹೇಳ್ಲಿ?"

"ಬಾಯಿ ಮುಚ್ಕೊಂಡು ಕೂತ್ಕೋ. ಅಷ್ಟು ಸಾಕು."

ಹೀಗೆ ಅವನು ಅಂಗಡಿ ಮುಗಿಸಿ ದಿನಾ ಬಂದು ಕೂರತೊಡಗಿದ. ಅವನು ಅಲ್ಲಿ, ನಾಯಿ ತೊಟ್ಟಿಯ ಹಿಂದೆ. ನಡುವೆ ಅನ್ನದ ತಟ್ಟೆ. ಅವನು ಎದ್ದು ಹೋದ ಮೇಲೇ ತಟ್ಟೆ ಖಾಲಿಯಾಗುವುದು. ಗಂಡ, "ಇವರಿಬ್ಬರ ಮದುವೆ ಯಾವತ್ತು?" ಎಂದು ಛೇಡಿಸಿ ಪಾರ್ಸಲಮ್ಮನ ಕೈಲಿ ಬೈಸಿಕೊಂಡ. ದಿನಗಳು ಕಳೆದವು, ನಾಯಿ ತೊಟ್ಟಿಯ ಪಕ್ಕಕ್ಕೆ ಬಂತು, ಆಮೇಲೆ ಮುಂದಕ್ಕೆ. ಒಂದು ಸಂಜೆ ಅವನಿರುವಾಗಲೇ ತಟ್ಟೆಗೆ ಬಾಯಿ ಹಾಕಿತು. ಪಾರ್ಸಲಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು.

ಆ ಹೊತ್ತಿಗೇ ಸರಿಯಾಗಿ ಅವನ ಜೇಬಿನ ಟೆಸ್ಟರ್ ಜಾರಿ ನೆಲಕ್ಕೆ ಬೀಳಬೇಕೇ? ಬಿದ್ದರೆ ಬೀಳಲಿ, ಅವನು ಅಭ್ಯಾಸಬಲದಿಂದ ಬಗ್ಗಿ ಎತ್ತಿಕೊಳ್ಳಬೇಕೇ?

ಡಬ್ಬಿ ಕಿರುಚಿದ್ದು ಬೀದಿಯ ಕೊನೆಯ ತನಕ ಕೇಳಿಸಿತು. ತಟ್ಟೆ ಮಗುಚಿ ತೊಟ್ಟಿಯ ಹಿಂದೆ ಹೋಗಿ ನಡುಗುತ್ತಾ ಕೂತಿತು. ಅಷ್ಟು ದಿನದ ಪಾಡೆಲ್ಲ ನೀರಲ್ಲಿ ಹೋಮ. ಪಾರ್ಸಲಮ್ಮ ಹಣೆ ಚಚ್ಚಿಕೊಂಡು ಹೊರಗೆ ಬಂದಳು. "ನೀನೇ ತಾನೇ ಆ ಡ್ರೈವರಿಗೆ ಬಗ್ಗಬೇಡ ಅಂದೋನು? ಊರಿಗೆಲ್ಲ ಬುದ್ಧಿ ಹೇಳಿ ನೀನೇ ಬಗ್ತೀಯಲ್ಲೋ, ನಿನ್ನ ಸೊಂಟ ಬೀಳ!"

ಅವನು ಟೆಸ್ಟರನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಿದ್ದ. ಮಾರನೆಯ ದಿನ ಬಂದು ಮತ್ತೆ ಮೊದಲಿಂದ ಕೂತ. ಆಮೇಲೆ ಅವನು ಆ ಅಂಗಳದಲ್ಲಿ ಬಗ್ಗಿದ್ದನ್ನು ಯಾರೂ ನೋಡಲಿಲ್ಲ. ಕರವಸ್ತ್ರ ಬಿದ್ದರೆ ಬಿದ್ದಲ್ಲೇ ಬಿಟ್ಟು ಹೋಗುತ್ತಿದ್ದ. ಒಮ್ಮೆ ಸಂಬಳದ ನೋಟು ಗಾಳಿಗೆ ಹಾರಿ ಕಾಲಿನ ಹತ್ತಿರವೇ ಬಿದ್ದರೂ ಕಲ್ಲಿನ ಹಾಗೆ ಕೂತಿದ್ದ. ಪಾರ್ಸಲಮ್ಮನೇ ಗೊಣಗುತ್ತಾ ಬಂದು ಹೆಕ್ಕಿ ಕೊಟ್ಟಳು.

ಡಬ್ಬಿ ಒಂದು ದಿನ ತಟ್ಟೆ ದಾಟಿ ಬಂತು. ಅವನ ಬಲಗೈಯನ್ನು ದೂರದಿಂದಲೇ ಕತ್ತು ಚಾಚಿ ಮೂಸಿತು. ಹಿಂದೆ ಹೋಯಿತು. ಮತ್ತೆ ಬಂತು. ಅಂಗೈ, ಬೆರಳ ಸಂದು, ಮಣಿಕಟ್ಟು, ಎಲ್ಲ ಮೂಸಿ ಆದ ಮೇಲೆ ನೆಕ್ಕಿತು. ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. "ಅಳ್ಬೇಡವೋ, ಹೆದರುತ್ತೆ!" ಎಂದು ಪಾರ್ಸಲಮ್ಮ ಕಿಟಕಿಯಿಂದ ಪಿಸುಗುಟ್ಟಿದಳು. ಹಾಗೆಂದವಳ ಮೂಗೇ ಸೋರುತ್ತಿತ್ತು.

ಅವನು ಡಬ್ಬಿಯನ್ನು ಮನೆಗೆ ಕರೆದುಕೊಂಡು ಹೋಗಿ ಎಷ್ಟೋ ತಿಂಗಳಾದ ಮೇಲೆ ಅವನ ತಾಯಿ ಫೋನ್ ಮಾಡಿದಳು. ಪಾರ್ಸಲಮ್ಮ ಹೊಸದೊಂದು ಕತ್ತೆಯ ವಿಷಯದಲ್ಲಿ ಯಾರಿಗೋ ಬೈದು ಮುಗಿಸಿ ಕೂತಿದ್ದಳು.

"ನಿಮ್ಮನ್ನೊಂದು ಮಾತು ಕೇಳ್ಬೇಕು," ಎಂದಳು ತಾಯಿ, ದನಿ ತಗ್ಗಿಸಿ. "ನನ್ನ ಮಗನಿಗೆ ಸೈನ್ಯದಲ್ಲಿ ಬೆನ್ನಿಗೇನಾದ್ರೂ ಏಟು ಬಿದ್ದಿತ್ತಾ? ನಿಮ್ಮ ಹತ್ರ ಏನಾದ್ರೂ ಹೇಳಿದಾನಾ?"

"ಯಾಕಮ್ಮ?"

"ಮನೇಲಿ ಏನು ಬಿದ್ರೂ ಬಗ್ಗಲ್ಲ ಕಣ್ರೀ. ಚಮಚ ಬಿದ್ರೆ ಕಾಲಲ್ಲಿ ಪಕ್ಕಕ್ಕೆ ತಳ್ತಾನೆ. ಪೇಪರು ಬಾಗಿಲಲ್ಲೇ ಬಿದ್ದಿರುತ್ತೆ. ಬೂಟಿನ ಲೇಸು ಕೂಡ ಆಚೆ ಮೆಟ್ಟಿಲ ಹತ್ರ ಹೋಗಿ, ಬಾಗಿಲು ಎಳ್ಕೊಂಡು ಕಟ್ತಾನೆ. ಕೇಳಿದ್ರೆ ಏನಿಲ್ಲಮ್ಮ ಅಂತಾನೆ. ನೋವು ನುಂಗ್ಕೊಂಡಿದಾನೇನೋ ಅಂತ ನನಗೆ ನಿದ್ದೆ ಬರಲ್ಲ. ಈ ವಯಸ್ಸಲ್ಲಿ ಎಲ್ಲಾ ನಾನೇ ಬಗ್ಗಿ ಎತ್ತಬೇಕು."

ಕಲ್ಲಿನ ವಿಷಯ ಅವನು ತಾಯಿಗೆ ಹೇಳಿಲ್ಲ ಎಂದು ಪಾರ್ಸಲಮ್ಮನಿಗೆ ತಿಳಿಯಿತು. ಹೇಳಲು ಬಾಯಿ ತೆರೆದವಳು ಮುಚ್ಚಿದಳು.

"ನಾಯಿ ಎಲ್ಲಿದೆ ಈಗ?"

"ಇನ್ನೆಲ್ಲಿರುತ್ತೆ? ಅವನ ಪಾದದ ಮೇಲೆ ತಲೆ ಇಟ್ಕೊಂಡು ಗೊರಕೆ ಹೊಡೀತಾ ಇದೆ."

"ಹಾಗಾದ್ರೆ ಅವನ ಬೆನ್ನಿಗೇನೂ ಆಗಿಲ್ಲಮ್ಮ. ನೆಮ್ಮದಿಯಾಗಿರಿ. ಬಿದ್ದಿದ್ದನ್ನ ನೀವೇ ಎತ್ಕೊಳ್ಳಿ."

"ಎಷ್ಟು ದಿನ ಅಂತ ಎತ್ಲಿ?"

"ಅದು ಇರೋವರೆಗೂ," ಎಂದಳು ಪಾರ್ಸಲಮ್ಮ.